ಕಿವಿಯೇ ಮೆಟ್ಟಿಲು

(ಚೌಳಹಿರಿಯೂರಿನಲ್ಲಿ ನೆರೆದಿದ್ದ ಭಕ್ತರ ಸಭೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಚೌಳಹಿರಿಯೂರಿಗೆ ನಾವು ಬಂದಾಗಲೆಲ್ಲ ನೀವು ಧರ್ಮದ ನಾಲ್ಕು ಮಾತು ಕೇಳಬೇಕೆಂದು ಬರುತ್ತೀರಿ. ಇಂದು ನಾವು ಒಂದು ವಾದ್ಯದ ವಿಚಾರವನ್ನು ಹೇಳಬೇಕೆಂದಿದ್ದೇವೆ. ಅದು ನಿಮ್ಮ ಹಿರಿಯರು ಕಂಡು ಕೇಳಿದ ಏಕತಾರಿಯಲ್ಲ, ವೀಣೆಯೂ ಅಲ್ಲ, ಗಿಟಾರು. ಅದರಲ್ಲಿಯೂ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರು. "ಸ್ವಾಮಿಗಳಿಗೆ ಇದೇಕೆ ಬಂತು ಈ ಉಸಾಬರಿ?" ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಕಾರಣವುಂಟು, ಕೇಳಿ.

ಈ ಸೀಮೆಯ ಗೃಹಸ್ಥರೊಬ್ಬರು ಕೆಲವು ದಿನಗಳ ಕೆಳಗೆ ನಮ್ಮಲ್ಲಿಗೆ ಬಂದಿದ್ದರು. ತೆಂಗು, ಅಡಿಕೆ, ಒಂದಿಷ್ಟು ರಾಗಿಹೊಲ ಇರುವ ಮನೆತನ. ನಮಸ್ಕಾರ ಮಾಡಿ ಕುಳಿತವರು ಹೇಳಿದರು: "ಬುದ್ಧಿ, ಮಗ ಡಿಗ್ರಿ ಮುಗಿಸಿ ಮನೇಲೇ ಇದಾನೆ. ತೋಟದ ಕೆಲಸ ಮಾಡ್ತಾನೆ, ಅದಕ್ಕೇನೂ ತಕರಾರಿಲ್ಲ. ಸಾಯಂಕಾಲ ಆಯ್ತು ಅಂದ್ರೆ ಆ ಗಿಟಾರು ತೊಡೆ ಮೇಲೆ ಹಾಕ್ಕೊಂಡು ಕೂರ್ತಾನೆ. ಆರು ತಿಂಗಳಾಯ್ತು, ಒಂದು ಹಾಡೂ ಬರಲಿಲ್ಲ. ನಾಯಿ ಊಳಿಟ್ಟ ಹಾಗೆ ಕೇಳ್ತದೆ. ಅಕ್ಕಪಕ್ಕದೋರು ನಗ್ತಾರೆ. ಮಾರಿಬಿಡು ಅಂದೆ. ಅವತ್ತಿಂದ ನನ್ನ ಹತ್ರ ಮಾತು ಬಿಟ್ಟಿದಾನೆ. ತಾವೇ ಬುದ್ಧಿ ಹೇಳಬೇಕು." ಬುದ್ಧಿ ಹೇಳುವುದು ನಮ್ಮ ಕೆಲಸವೇ ಸರಿ. ಆದರೆ ಹೇಳಬೇಕಾದದ್ದು ಮಗನಿಗೋ, ತಂದೆಗೋ, ನಕ್ಕ ನೆರೆಯವರಿಗೋ ಎಂದು ಯೋಚಿಸಬೇಕಾಯಿತು. ಒಂದು ಗಿಟಾರಿನ ಬೆಲೆ ಕೆಲವು ಸಾವಿರ ರೂಪಾಯಿ ಇರಬಹುದು. ತಂದೆ ಮಕ್ಕಳ ನಡುವೆ ನಿಂತುಹೋದ ಮಾತಿಗೆ ಬೆಲೆ ಕಟ್ಟುವವರು ಯಾರು? ಆದ್ದರಿಂದ ಆ ವಾದ್ಯವನ್ನು ಬಲ್ಲವರನ್ನು ಕೇಳಿ, ತಿಳಿದುಕೊಂಡು, ಇಂದು ಎಲ್ಲರ ಮುಂದೆ ಹೇಳುತ್ತಿದ್ದೇವೆ. ಇಂಥ ಮನೆ ಒಂದೇ ಇರಲಾರದು.

ಮೊದಲು ಒಂದು ಶಂಕೆಯನ್ನು ಪರಿಹರಿಸೋಣ. ಗಿಟಾರು ಪರದೇಶದ್ದು, ನಮಗೇಕೆ ಎಂಬುದು ಹಿರಿಯರ ಆಕ್ಷೇಪ. ಹಾಗಾದರೆ ಪಿಟೀಲು ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಐರೋಪ್ಯರ ಆ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಮ್ಮವರೇ ಆದ ತಿರುಮಕೂಡಲು ಚೌಡಯ್ಯನವರು (೧೮೯೫–೧೯೬೭) ಅದಕ್ಕೆ ಏಳು ತಂತಿಗಳನ್ನು ಹೂಡಿ ನುಡಿಸಿದರು. ೧೯೮೦ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದರು. ಇಂದು ಪಿಟೀಲನ್ನು ಪರಕೀಯವೆಂದು ಯಾರಾದರೂ ಹೇಳುವಿರಾ? ಹುಣಿಸೆಯ ಮರ ಎಲ್ಲಿಂದ ಬಂತೆಂದು ಕೇಳಿಕೊಂಡು ನಾವು ಸಾರಿಗೆ ಹುಳಿ ಹಿಂಡುವುದಿಲ್ಲ.

ತಂತಿಯ ಮೇಲೆ ಒಂದು ವಸ್ತುವನ್ನು ಜಾರಿಸಿ ಸ್ವರ ಹಿಡಿಯುವ ಕ್ರಮವಂತೂ ನಮಗೆ ಹೊಸತೇ ಅಲ್ಲ. ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ರಚಿಸಿದ 'ಸಂಗೀತರತ್ನಾಕರ'ದಲ್ಲಿ ಏಕತಂತ್ರೀ ವೀಣೆಯ ವರ್ಣನೆಯಿದೆ. ಅದಕ್ಕೆ ಒಂದೇ ತಂತಿ, ಮೆಟ್ಟಿಲುಗಳಿಲ್ಲ. ಎಡಗೈಯಲ್ಲಿ ಬಿದಿರಿನ ತುಂಡನ್ನು ಹಿಡಿದು ಜಾರಿಸಬೇಕು. ನಮ್ಮ ದಕ್ಷಿಣದ ಗೋಟುವಾದ್ಯವೂ ಇದೇ ಜಾತಿಯದು. ಗೋಟು ಎಂದೊಡನೆ ಕಡೂರು ಸೀಮೆಯ ನಿಮಗೆ ಗೋಟಡಿಕೆ, ಗೋಟುಕಾಯಿ ನೆನಪಾಗಬಹುದು! ಇಲ್ಲಿ ಗೋಟು ಎಂದರೆ ಕೈಯಲ್ಲಿ ಹಿಡಿದು ಜಾರಿಸುವ ಗಟ್ಟಿಮರದ ಕೋಲು. ಈಚಿನವರು ಈ ವಾದ್ಯವನ್ನು ಚಿತ್ರವೀಣೆಯೆಂದು ಕರೆಯುತ್ತಾರೆ. ಚಿತ್ರಾ ಎಂಬ ಏಳು ತಂತಿಯ ವೀಣೆಯ ಹೆಸರು ಭರತನ ನಾಟ್ಯಶಾಸ್ತ್ರದಲ್ಲಿಯೇ ಬರುತ್ತದೆ. ಉತ್ತರದೇಶದ ವಿಚಿತ್ರವೀಣೆಯಲ್ಲಿ ಗಾಜಿನ ಗುಂಡನ್ನು ಜಾರಿಸುತ್ತಾರೆ.

ಇನ್ನು ಗಿಟಾರಿನಲ್ಲಿ ಈ ಕ್ರಮ ಬಂದದ್ದು ಶಾಂತಸಾಗರದ ಹವಾಯಿ ದ್ವೀಪಗಳಿಂದ. ೧೮೭೪ರಲ್ಲಿ ಅಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬಾತ ಶಾಲೆಯ ಹುಡುಗನಾಗಿದ್ದಾಗ ರೈಲು ಹಳಿಯ ಬಳಿ ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿಕೊಂಡು, ಅದನ್ನು ಗಿಟಾರಿನ ತಂತಿಗೆ ಸೋಕಿಸಿ, ಹುಟ್ಟಿದ ನಾದಕ್ಕೆ ಬೆರಗಾದನೆಂದು ಕಥೆಯುಂಟು. (ಬೀರೂರು ಜಂಕ್ಷನ್ನಿನಲ್ಲಿ ಬೋಲ್ಟು ಹುಡುಕಲು ಹೋಗಬೇಡಿರಪ್ಪ, ಅದು ರೈಲ್ವೆಯವರ ಸೊತ್ತು!) ಅಮೆರಿಕದ ದಕ್ಷಿಣದ ಸೀಮೆಯಲ್ಲಿ ಕಡುಬಡವರಾದ ಕರಿಯ ಜನರ ಮಕ್ಕಳು ಪೊರಕೆಗೆ ಸುತ್ತಿದ ತಂತಿಯನ್ನು ಬಿಚ್ಚಿ, ಮನೆಯ ಗೋಡೆಗೆ ಮೊಳೆ ಹೊಡೆದು ಬಿಗಿದು, ಸೀಸೆಯನ್ನು ಜಾರಿಸಿ ಕಲಿಯುತ್ತಿದ್ದರು. ವಾದ್ಯ ಕೊಳ್ಳಲು ಹಣವಿಲ್ಲದವನಿಗೆ ಮನೆಯ ಗೋಡೆಯೇ ವಾದ್ಯವಾಯಿತು. ೧೯೦೩ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಸಂಗೀತಗಾರನು ಮಿಸಿಸಿಪಿಯ ಟುಟ್ವೈಲರ್ ರೈಲು ನಿಲ್ದಾಣದಲ್ಲಿ, ಹರಕು ಬಟ್ಟೆಯ ಬಡವನೊಬ್ಬ ಚಾಕುವನ್ನು ತಂತಿಗೆ ಒತ್ತಿ ನುಡಿಸುತ್ತಿದ್ದುದನ್ನು ಕೇಳಿ, ಮುಂದೆ ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದಿಟ್ಟನು.

ನಮ್ಮ ದೇಶದಲ್ಲಿ ಈ ವಾದ್ಯಕ್ಕೆ ರಾಗವನ್ನು ಕಲಿಸಿದವರಲ್ಲಿ ಮುಖ್ಯರು ಜೋಧಪುರದಲ್ಲಿ ೧೯೩೭ರಲ್ಲಿ ಜನಿಸಿದ ಬ್ರಿಜ್‌ಭೂಷಣ ಕಾಬ್ರಾ. ಅವರು ಸರೋದಿನ ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರು. ೧೯೬೭ರಲ್ಲಿ ಸಂತೂರಿನ ಶಿವಕುಮಾರ ಶರ್ಮಾ, ಕೊಳಲಿನ ಹರಿಪ್ರಸಾದ ಚೌರಾಸಿಯಾ ಅವರೊಡನೆ ಇವರು ನುಡಿಸಿದ ಧ್ವನಿಮುದ್ರಿಕೆ ಲೋಕವಿಖ್ಯಾತವಾಯಿತು. ಜಯಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ಇನ್ನಷ್ಟು ತಂತಿಗಳನ್ನು ಹೂಡಿ ಅದನ್ನು ಮೋಹನವೀಣೆಯೆಂದು ಕರೆದರು. ೧೯೯೪ರಲ್ಲಿ ಅವರಿಗೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮ ಬೆಂಗಳೂರಿನ ಪಂಡಿತ ಪ್ರಕಾಶ್ ಸೊಂಟಕ್ಕೆ ಅವರು ಇದೇ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸುತ್ತಾರೆ. ಆದ್ದರಿಂದ ಪರದೇಶದ್ದೆಂಬ ಮಾತು ಇಲ್ಲಿಗೆ ಮುಗಿಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ವಾದ್ಯ ಆರಂಭದಲ್ಲಿ ಏಕೆ ಊಳಿಡುತ್ತದೆ? ಕಲಿಯುವವನು ದಡ್ಡನೆಂದೇ? ಖಂಡಿತ ಅಲ್ಲ. ವೀಣೆಗೆ ೨೪ ಮೆಟ್ಟಿಲುಗಳಿವೆ. ಮೇಳ ಕಟ್ಟಿದವನು ಪ್ರತಿಯೊಂದು ಸ್ವರಸ್ಥಾನವನ್ನು ಮೊದಲೇ ನಿಶ್ಚಯಿಸಿ, ಮೇಣದಲ್ಲಿ ಮೆಟ್ಟಿಲನ್ನು ಕೂರಿಸಿಟ್ಟಿರುತ್ತಾನೆ. ಬೆರಳನ್ನು ಎರಡು ಮೆಟ್ಟಿಲುಗಳ ನಡುವೆ ಎಲ್ಲಿ ಒತ್ತಿದರೂ ಅದೇ ಸ್ವರ ಹೊರಡುತ್ತದೆ. ಹಾರ್ಮೋನಿಯಮ್ಮಿನಲ್ಲಿ ಇನ್ನೂ ಸುಲಭ. ಮನೆ ಒತ್ತಿದರೆ ಸಾಕು. ಸ್ಲೈಡ್ ಗಿಟಾರಿನಲ್ಲಿ ಹಾಗಲ್ಲ. ಮೆಟ್ಟಿಲುಗಳು ಇದ್ದರೂ ತಂತಿ ಅವುಗಳನ್ನು ಮುಟ್ಟುವುದಿಲ್ಲ. ಅವು ಬರಿಯ ಗೆರೆಗಳಂತೆ ಕೆಳಗೆ ಮಲಗಿರುತ್ತವೆ. ಉಕ್ಕು ಎಲ್ಲಿ ನಿಂತಿತೋ ಅಲ್ಲಿಯೇ ಸ್ವರ. ಒಂದು ಕೂದಲೆಳೆಯಷ್ಟು ಹಿಂದೆ ನಿಂತರೆ ಸ್ವರ ಸೊರಗುತ್ತದೆ, ಮುಂದೆ ಹೋದರೆ ಕೀರಲಾಗುತ್ತದೆ. ಇಲ್ಲಿ ಬಡಗಿ ನಿಮಗಾಗಿ ಏನನ್ನೂ ನಿಶ್ಚಯಿಸಿಲ್ಲ. ನಿಶ್ಚಯಿಸಬೇಕಾದದ್ದು ನಿಮ್ಮ ಕಿವಿ. ಮೆಟ್ಟಿಲಿಲ್ಲದ ವಾದ್ಯಕ್ಕೆ ಕಿವಿಯೇ ಮೆಟ್ಟಿಲು.

ಇದನ್ನು ಲೆಕ್ಕದಲ್ಲಿಯೂ ನೋಡಬಹುದು. ಸಾಮಾನ್ಯವಾಗಿ ಗಿಟಾರಿನ ತಂತಿಯ ಉದ್ದ ಸುಮಾರು ೬೫ ಸೆಂಟಿಮೀಟರು. ಬಿಡಿತಂತಿಯನ್ನು ಷಡ್ಜವೆಂದು ಇಟ್ಟುಕೊಳ್ಳಿ. ಸರಿಯಾಗಿ ಅರ್ಧದಲ್ಲಿ, ಅಂದರೆ ಮೂವತ್ತೆರಡೂವರೆ ಸೆಂಟಿಮೀಟರಿನಲ್ಲಿ ಮೇಲಿನ ಷಡ್ಜ ಸಿಗುತ್ತದೆ. ಅದು ೧೨ನೆಯ ಗೆರೆ. ಮೂರರಲ್ಲಿ ಒಂದು ಪಾಲನ್ನು ತಡೆದು ಎರಡು ಪಾಲನ್ನು ಮಿಡಿಯಬಿಟ್ಟರೆ ಪಂಚಮ. ಅದು ೭ನೆಯ ಗೆರೆಯ ಮೇಲೆ, ಒಂದು ಮಿಲಿಮೀಟರೂ ವ್ಯತ್ಯಾಸವಿಲ್ಲದಂತೆ ಕೂರುತ್ತದೆ. ಇಲ್ಲಿಯವರೆಗೆ ಕಣ್ಣನ್ನು ನಂಬಬಹುದು. ಆದರೆ ಅಂತರ ಗಾಂಧಾರಕ್ಕೆ ಬನ್ನಿ. ತಂಬೂರಿಯ ನಾದದೊಳಗೆ ತಾನಾಗಿ ಕೇಳಿಬರುವ ಗಾಂಧಾರಕ್ಕೆ ತಂತಿಯ ಐದರಲ್ಲಿ ಒಂದು ಪಾಲನ್ನು ತಡೆಯಬೇಕು. ಎಂದರೆ ೧೩ ಸೆಂಟಿಮೀಟರು. ಗಿಟಾರಿನ ೪ನೆಯ ಗೆರೆ ಇರುವುದು ೧೩.೪ ಸೆಂಟಿಮೀಟರಿನಲ್ಲಿ. ಪಾಶ್ಚಾತ್ಯರು ಸ್ಥಾಯಿಯನ್ನು ೧೨ ಸಮಪಾಲು ಮಾಡಿ ಗೆರೆ ಹಾಕಿದ್ದರಿಂದ ಬಂದ ವ್ಯತ್ಯಾಸ ಇದು. ನಾಲ್ಕು ಮಿಲಿಮೀಟರು ಅಷ್ಟೆ. ಗೆರೆಯನ್ನೇ ನಂಬಿ ಕುಳಿತವನ ಗಾಂಧಾರ ತಂಬೂರಿಯೊಡನೆ ಸದಾ ಜಗಳವಾಡುತ್ತಿರುತ್ತದೆ. ಕಿವಿಯನ್ನು ನಂಬಿದವನು ಗೆರೆಯಿಂದ ತುಸು ಹಿಂದಕ್ಕೆ ಬಂದು ನಿಲ್ಲುತ್ತಾನೆ. ಆಗ ಗಾಂಧಾರ ತಂಬೂರಿಯಲ್ಲಿ ಬೆರೆತುಹೋಗುತ್ತದೆ. ಶಾಸ್ತ್ರ ದಾರಿ ತೋರಿಸುತ್ತದೆ, ನಿಜ. ಕೊನೆಯ ನಾಲ್ಕು ಮಿಲಿಮೀಟರನ್ನು ಅನುಭವವೇ ನಡೆಯಬೇಕು.

ಹೊಸದಾಗಿ ಕಲಿಯುವ ಮಕ್ಕಳಿಗೆ ಬಲ್ಲವರು ಹೇಳುವ ಕ್ರಮವನ್ನು ಈಗ ಹೇಳುತ್ತೇವೆ, ಗಮನವಿಟ್ಟು ಕೇಳಿ. ಸಾಧಾರಣ ಗಿಟಾರೇ ಸಾಕು. ತಲೆಯ ಬದಿಯಲ್ಲಿ ತಂತಿಗಳ ಕೆಳಗೆ ಸಣ್ಣ ಲೋಹದ ಪಟ್ಟಿಯೊಂದನ್ನು ಕೂರಿಸಿದರೆ ತಂತಿಗಳು ಮೇಲೆದ್ದು ಮೆಟ್ಟಿಲಿನಿಂದ ದೂರವಾಗುತ್ತವೆ. ಆರು ತಂತಿಗಳನ್ನು ದಪ್ಪದಿಂದ ಸಣ್ಣದಕ್ಕೆ ಸ, ಪ, ಸ, ಗ, ಪ, ಸ ಎಂದು ಕೂಡಿಸಿಕೊಳ್ಳಬಹುದು. ಇದಕ್ಕೆ ವಾಡಿಕೆಯ ಶ್ರುತಿಯಿಂದ ನಾಲ್ಕು ತಂತಿಗಳನ್ನು ಇಳಿಸಬೇಕು. ಎರಡನ್ನು ಇದ್ದ ಹಾಗೆಯೇ ಬಿಡಬೇಕು. ಯಾವುದನ್ನೂ ಏರಿಸಬೇಕಾಗಿಲ್ಲವಾದ್ದರಿಂದ ಬಿಗಿ ಹೆಚ್ಚಾಗಿ ತಂತಿ ಹರಿಯುವ ಭಯವಿಲ್ಲ. ಬಲಗೈಯ ಹೆಬ್ಬೆರಳು ಮತ್ತು ಮುಂದಿನ ಬೆರಳುಗಳಿಗೆ ನಖಿ ತೊಟ್ಟು ಮೀಟಬೇಕು.

ಎಡಗೈಯ ವಿಷಯದಲ್ಲಿ ಮೂರು ಮಾತು. ಒಂದು, ಉಕ್ಕನ್ನು ತಂತಿಯ ಮೇಲೆ ಇಡಬೇಕೇ ಹೊರತು ಒತ್ತಬಾರದು. ಅದರ ಭಾರವೇ ಬಹುಪಾಲು ಸಾಕು. ಒತ್ತಿದರೆ ತಂತಿ ಬಾಗಿ ಸ್ವರ ಏರುತ್ತದೆ, ಕೆಳಗಿನ ಮೆಟ್ಟಿಲಿಗೆ ಬಡಿದು ಗರಗರ ಎನ್ನುತ್ತದೆ. ಎರಡು, ಉಕ್ಕು ಗೆರೆಗೆ ಸಮಾನಾಂತರವಾಗಿ, ಗೆರೆಯ ನೇರಕ್ಕೆ ಇರಬೇಕು. ಬೆರಳಿನಿಂದ ನುಡಿಸುವವರು ಗೆರೆಗಿಂತ ಸ್ವಲ್ಪ ಹಿಂದೆ ಒತ್ತುತ್ತಾರೆ. ಆ ಅಭ್ಯಾಸವನ್ನು ಇಲ್ಲಿಗೆ ತಂದರೆ ಎಲ್ಲ ಸ್ವರವೂ ತಗ್ಗಿ ಕೇಳುತ್ತದೆ. ಮೂರು, ಉಕ್ಕಿನ ಹಿಂದೆ ಉಳಿದ ಬೆರಳುಗಳನ್ನು ತಂತಿಯ ಮೇಲೆ ಹಗುರಾಗಿ ಒರಗಿಸಿಟ್ಟಿರಬೇಕು. ಇಲ್ಲದಿದ್ದರೆ ಉಕ್ಕಿನ ಆಚೆ ಈಚೆ ಎರಡೂ ಕಡೆ ತಂತಿ ಮಿಡಿದು, ಬೇಡದ ಗುಂಯ್ಗುಟ್ಟುವಿಕೆ ಸೇರಿಕೊಳ್ಳುತ್ತದೆ. ಊಳಿಡುವ ಶಬ್ದದಲ್ಲಿ ಅರ್ಧ ಪಾಲು ಈ ಹಿಂಬದಿಯ ಗದ್ದಲವೇ. ನುಡಿಸುವುದಕ್ಕಿಂತ ಬೇಡದ್ದನ್ನು ಸುಮ್ಮನಾಗಿಸುವುದು ಇಲ್ಲಿ ದೊಡ್ಡ ವಿದ್ಯೆ. ಇದು ವಾದ್ಯಕ್ಕೆ ಮಾತ್ರ ಹೇಳಿದ ಮಾತಲ್ಲವೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಮೊದಲ ತಿಂಗಳು ಹಾಡಿನ ಗೊಡವೆ ಬೇಡ. ಒಂದೇ ತಂತಿ, ಎರಡೇ ಸ್ವರ ಸಾಕು. ಬಿಡಿತಂತಿಯ ಷಡ್ಜವನ್ನು ಮೀಟಿ ಕಣ್ಣು ಮುಚ್ಚಿ ಕೇಳಿ. ಪಂಚಮವನ್ನು ಮೊದಲು ಬಾಯಲ್ಲಿ ಹಾಡಿ. ಹಾಡಿದ್ದು ನಿಂತ ಮೇಲೆ ಉಕ್ಕನ್ನು ಅಲ್ಲಿಗೆ ಒಯ್ಯಿರಿ. ಎರಡು ನಾದಗಳು ಹತ್ತಿರ ಬಂದೂ ಕೂಡದಿದ್ದಾಗ "ವಂವ್ ವಂವ್" ಎಂಬ ಒಂದು ತುಯ್ದಾಟ ಕೇಳುತ್ತದೆ. ಹತ್ತಿರವಾದಂತೆ ಆ ತುಯ್ದಾಟ ನಿಧಾನವಾಗುತ್ತದೆ; ಪೂರ್ತಿ ಕೂಡಿದಾಗ ಅಲೆ ಅಡಗಿದ ಕೆರೆಯ ನೀರಿನಂತೆ ನಿಂತುಬಿಡುತ್ತದೆ. ಆ ನಿಲುಗಡೆಯನ್ನು ಒಮ್ಮೆ ಕೇಳಿದ ಕಿವಿ ಮತ್ತೆ ಮೋಸಹೋಗದು. ಹೀಗೆ ಪಂಚಮ, ಮೇಲಿನ ಷಡ್ಜ, ಆಮೇಲೆ ಮಧ್ಯಮ, ಗಾಂಧಾರ. ಒಂದು ಎಚ್ಚರಿಕೆ: ತಂತಿಯ ಮೇಲಕ್ಕೆ ಹೋದಂತೆ ಗೆರೆಗಳು ಒತ್ತಾಗುತ್ತವೆ. ಮೊದಲ ಅಂತರ ಮೂರೂವರೆ ಸೆಂಟಿಮೀಟರಿಗೂ ಹೆಚ್ಚು; ೧೨ನೆಯದು ಎರಡು ಸೆಂಟಿಮೀಟರೂ ಇಲ್ಲ. ಕೆಳಗೆ ಕ್ಷಮಿಸುವ ತಂತಿ ಮೇಲೆ ಕ್ಷಮಿಸುವುದಿಲ್ಲ.

ಹೊಸಬರು ಕೈಯನ್ನು ಬಹಳವಾಗಿ ನಡುಗಿಸುತ್ತಾರೆ. ನಡುಗಿಸಿದರೆ ತಪ್ಪು ಮುಚ್ಚಿಹೋಗುತ್ತದೆಂಬ ಆಸೆ. ನೆಟ್ಟಗೆ ನಿಲ್ಲಲಾರದ ಸ್ವರಕ್ಕೆ ಕಂಪನದ ಅಲಂಕಾರ ಶೋಭಿಸುವುದಿಲ್ಲ. ಮೊದಲು ಸ್ವರ ನಿಲ್ಲಲಿ, ಆಮೇಲೆ ಜಾರಲಿ, ಅದಾದ ಮೇಲೆ ಗಮಕ. ನಾವು ಪಾಠಶಾಲೆಯಲ್ಲಿ ಓದುವಾಗಲೂ ಗುರುಗಳು ಅರ್ಥ ಹೇಳುವುದಕ್ಕೆ ಮುಂಚೆ ಉಚ್ಚಾರಣೆಯನ್ನು ತಿದ್ದುತ್ತಿದ್ದರು. ಒಂದು ಅಕ್ಷರದ ಹ್ರಸ್ವ ದೀರ್ಘ ಸರಿಯಾಗುವವರೆಗೆ ಮುಂದಿನ ಅಕ್ಷರಕ್ಕೆ ಬಿಡುತ್ತಿರಲಿಲ್ಲ. ಆಗ ಬೇಸರವೆನಿಸುತ್ತಿತ್ತು, ಮುಂದೆ ಅದೇ ನಾಲಗೆಗೆ ಆಸ್ತಿಯಾಯಿತು.

ಈಗಿನ ಕಾಲದಲ್ಲಿ ಮೊಬೈಲಿನಲ್ಲಿಯೇ ತಂಬೂರಿ ಸಿಗುತ್ತದೆ; ಒಳ್ಳೆಯದು, ಅದನ್ನು ಹಾಕಿಕೊಂಡು ಅಭ್ಯಾಸ ಮಾಡಿ. ಶ್ರುತಿ ಸರಿಯಾದಾಗ ಹಸಿರು ಬಣ್ಣ ತೋರಿಸುವ ಸಾಧನವೂ ಅದರಲ್ಲಿ ಉಂಟು. ತಂತಿ ಕೂಡಿಸಲು ಅದು ಬೇಕು. ಆದರೆ ನುಡಿಸುವಾಗಲೂ ಆ ಹಸಿರನ್ನೇ ನೋಡುತ್ತ ಕುಳಿತರೆ ಕಲಿತದ್ದು ಕಣ್ಣು, ಕಿವಿಯಲ್ಲ.

ಕಣ್ಣೇ ಇಲ್ಲದವರು ಸ್ವರವನ್ನು ಹೇಗೆ ಹಿಡಿದರೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹುಟ್ಟುಕುರುಡರು. ಹಾನಗಲ್ಲ ಕುಮಾರ ಶಿವಯೋಗಿಗಳು ಅವರನ್ನು ಕೈಹಿಡಿದು ಸಂಗೀತ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ತಾವೂ ಅಂಧರಾಗಿದ್ದು, ಪಿಟೀಲು, ಹಾರ್ಮೋನಿಯಂ, ತಬಲ, ಸಾರಂಗಿ ಮೊದಲಾದ ವಾದ್ಯಗಳನ್ನು ನುಡಿಸಿದರು, ಅಂಧ ಬಾಲಕರಿಗೆ ಕಲಿಸಿದರು. ಪಿಟೀಲಿಗೂ ಸಾರಂಗಿಗೂ ಮೆಟ್ಟಿಲುಗಳಿಲ್ಲ. ಕಾಣದ ತಂತಿಯ ಮೇಲೆ ಕಾಣದ ಸ್ವರಸ್ಥಾನವನ್ನು ಅವರು ಯಾವುದರಿಂದ ಹಿಡಿದರು? ಕೇಳಿಕೆಯಿಂದ.

ಚಿತ್ರವೀಣೆಯ ಎನ್. ರವಿಕಿರಣರ ಬಾಲ್ಯವೂ ಇದನ್ನೇ ಹೇಳುತ್ತದೆ. ೧೯೬೭ರಲ್ಲಿ ಮೈಸೂರಿನಲ್ಲಿ, ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ಯರ ಮನೆತನದಲ್ಲಿ ಹುಟ್ಟಿದ ಆ ಮಗು ಎರಡು ವರ್ಷದವನಾಗಿದ್ದಾಗ ನೂರಾರು ರಾಗಗಳನ್ನು ಕೇಳಿ ಗುರುತಿಸುತ್ತಿತ್ತು. ಮೊದಲು ಕೇಳಿದ್ದು, ಆಮೇಲೆ ಬಾಲಕನಾಗಿ ಹಾಡುಗಾರಿಕೆಯ ಕಚೇರಿ ಮಾಡಿದ್ದು, ಚಿತ್ರವೀಣೆಯನ್ನು ವೇದಿಕೆಗೆ ತಂದದ್ದು ಅದಕ್ಕೂ ಆಮೇಲೆ. ಕಿವಿ, ಕಂಠ, ಕೈ, ಇದೇ ಕ್ರಮ. ಎಲ್ಲ ಮಕ್ಕಳಿಗೂ ಆ ವೇಗ ಬರಲಾರದು, ಬರಬೇಕಾಗಿಯೂ ಇಲ್ಲ. ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಇನ್ನು ಮನೆಯ ಹಿರಿಯರಿಗೆ ಎರಡು ಮಾತು. ಅಜ್ಜಂಪುರದ ಅಮೃತಮಹಲ್ ತಳಿಯ ದನಗಳನ್ನು ನೀವೆಲ್ಲ ಬಲ್ಲಿರಿ. ಆ ಹೋರಿಯನ್ನು ಪಳಗಿಸುವವನು ಮೊದಲ ದಿನವೇ ಗಾಡಿ ತುಂಬ ಹೇರು ಹೇರುತ್ತಾನೆಯೇ? ಬರಿಯ ನೊಗವನ್ನು ಹೆಗಲಿಗೆ ಅಭ್ಯಾಸ ಮಾಡಿಸುತ್ತಾನೆ, ಖಾಲಿ ಕೊರಡನ್ನು ಎಳೆಸುತ್ತಾನೆ, ಬೆನ್ನು ಸವರುತ್ತಾನೆ. ನಿಮ್ಮ ಮಗ ಮೊದಲ ಸಲ ನೇಗಿಲು ಹಿಡಿದ ದಿನ ಸಾಲು ಹಾವಿನಂತೆ ಸೊಟ್ಟಗೆ ಹೋಗಿತ್ತು. ಆಗ ನೀವು ನೇಗಿಲನ್ನು ಮಾರಿಬಿಡು ಎಂದಿರಾ? ಮೇಳಿಯ ಮೇಲೆ ಅವನ ಕೈಯ ಜೊತೆಗೆ ನಿಮ್ಮ ಕೈಯನ್ನೂ ಇಟ್ಟಿರಿ. ಹೊಲದಲ್ಲಿ ತೋರಿದ ಆ ತಾಳ್ಮೆಯನ್ನು ಮನೆಯ ಜಗಲಿಯಲ್ಲಿಯೂ ತೋರಬೇಕು. ಹಾಡ್ತಾ ಹಾಡ್ತಾ ರಾಗ ಎಂದು ನೀವೇ ಗಾದೆ ಹೇಳುತ್ತೀರಿ. ರಾಗವಾಗುವುದಕ್ಕೆ ಮುಂಚಿನ ಆ "ಹಾಡ್ತಾ ಹಾಡ್ತಾ" ಎಷ್ಟು ದಿನವೆಂದು ಗಾದೆ ಹೇಳಿಲ್ಲ. ಅದನ್ನು ಮನೆಯವರೇ ಸಹಿಸಬೇಕು.

ಮೆಟ್ಟಿಲಿಲ್ಲದ ವಾದ್ಯ ಕಲಿಯುವವನು ತನ್ನ ಕಿವಿಯಿಂದಲೇ ತನ್ನ ತಪ್ಪನ್ನು ಕೇಳಬೇಕು. ಅವನ ಕಿವಿಯಲ್ಲಿ ನೀವು ನಗೆಯನ್ನು ತುಂಬಿದರೆ ಆ ತಪ್ಪು ಅವನಿಗೆ ಕೇಳಿಸುವುದಾದರೂ ಹೇಗೆ? ನಕ್ಕವರಿಗೆ ಹೆದರಿ ಅವನು ಅವಸರ ಮಾಡುತ್ತಾನೆ. ಅವಸರದಿಂದ ಹಾಡಿಗೆ ಹಾರುತ್ತಾನೆ. ಹಾರಿದವನು ಸ್ವರ ತಪ್ಪುತ್ತಾನೆ. ನೀವು ಮತ್ತೆ ನಗುತ್ತೀರಿ. ಈ ಸುತ್ತನ್ನು ಕಡಿಯಬೇಕಾದವರು ಹಿರಿಯರು. ಮಕ್ಕಳಿಗೂ ಹೇಳುತ್ತೇವೆ: ತೋಟದ ಕೆಲಸ ಬಿಟ್ಟು ನುಡಿಸಬೇಡಿ, ಊರು ಮಲಗಿದ ಮೇಲೆ ನುಡಿಸಬೇಡಿ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಇರಲಿ. ವಾರಕ್ಕೊಮ್ಮೆ ನಾಲ್ಕು ಗಂಟೆ ಕುಳಿತವನಿಗಿಂತ ದಿನಕ್ಕೆ ಅರ್ಧ ಗಂಟೆ ಕುಳಿತವನು ಮುಂದೆ ಹೋಗುತ್ತಾನೆ. ಮಳೆಯೂ ಹಾಗೆ ಅಲ್ಲವೆ? ಒಮ್ಮೆಲೇ ಸುರಿದದ್ದು ಹಳ್ಳಕ್ಕೆ ಹರಿದುಹೋಗುತ್ತದೆ, ಹನಿಹನಿಯಾಗಿ ಬಿದ್ದದ್ದು ಬೇರಿಗೆ ಇಳಿಯುತ್ತದೆ. ಸಾಧ್ಯವಾದರೆ ತಿಂಗಳಿಗೊಮ್ಮೆಯಾದರೂ ಬಲ್ಲ ಗುರುವಿನ ಮುಂದೆ ಕುಳಿತು ತಿದ್ದಿಸಿಕೊಳ್ಳಿ. ಆ ಗುರು ಗಿಟಾರಿನವರೇ ಆಗಬೇಕಾಗಿಲ್ಲ; ಹಾಡುಗಾರರಾದರೂ ಸರಿ, ಅವರ ಕಂಠವನ್ನು ನಿಮ್ಮ ತಂತಿ ಹಿಂಬಾಲಿಸಲಿ.

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿಕೋ ಎಂದು ದೇವರನ್ನು ಬೇಡಿದ ವಚನವನ್ನು ನೀವೆಲ್ಲ ಬಲ್ಲಿರಿ. ವಾದ್ಯವನ್ನು ಶ್ರುತಿಗೆ ತರುವ ಕೆಲಸ ನಮ್ಮ ಹಿರಿಯರಿಗೆ ಅಷ್ಟು ಹತ್ತಿರವಾಗಿತ್ತು. ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಮಾತಿನೊಡನೆ ಕೂಡುವುದಕ್ಕೂ ಗೆರೆಗಳಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಸರಿಯಬೇಕು ಎಂಬುದನ್ನು ದಿನದಿನವೂ ಕೇಳಿಯೇ ತಿಳಿಯಬೇಕು. ನಿಮ್ಮ ಮಕ್ಕಳ ಕೈಯಲ್ಲಿ ಸ್ವರ ನಿಲ್ಲಲಿ, ನಿಮ್ಮ ಕಿವಿಯಲ್ಲಿ ತಾಳ್ಮೆ ನಿಲ್ಲಲಿ, ಮನೆಮನೆಯಲ್ಲಿ ಮಾತು ಶ್ರುತಿಗೂಡಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.

ಸರ್ವರಿಗೂ ಶುಭವಾಗಲಿ.